ಕೊನೆಯ ದೋಣಿ ಬರುವ ತನಕ

ಕೇರಳದ ಆಲಪ್ಪುಳದ ಪುನ್ನಮಡ ಕಾಯಲಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ನೆಹರೂ ಟ್ರೋಫಿ ದೋಣಿ ಪಂದ್ಯದ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ನೂರು ಮಂದಿ ಒಂದೇ ಉಸಿರಿನಲ್ಲಿ ಹುಟ್ಟೆತ್ತಿ ನೀರಿಗಿಳಿಸುವ ಆ ನೋಟವನ್ನು ಚಿತ್ರದಲ್ಲಿ ಕಂಡವರೂ ಮರೆಯಲಾರರು. ಪಂದ್ಯದ ಚರಿತ್ರೆಯೆಂದರೆ ಸಾಮಾನ್ಯವಾಗಿ ಗೆದ್ದವರ ಪಟ್ಟಿ. ಯಾವ ವರ್ಷ ಯಾವ ದೋಣಿ ಮುಂದೆ ಬಂದಿತೆಂಬುದರ ಲೆಕ್ಕ. ಆ ಊರಿನಲ್ಲಿ ಮೂವತ್ತೆರಡು ವರ್ಷ ಬದುಕಿದ ನನ್ನ ತಂದೆಯವರ ನೆನಪಿನಲ್ಲಿ ಇನ್ನೊಂದು ಬಗೆಯ ಚರಿತ್ರೆಯಿತ್ತು. ಈ ಎರಡನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಬೇಕೆಂಬುದು ಬಹುಕಾಲದಿಂದ ನನ್ನ ಮನಸ್ಸಿನಲ್ಲಿದ್ದ ಆಸೆ.

ಮೊದಲು ದೋಣಿಯ ಮಾತು. ಇಂಗ್ಲಿಷರು ಅದನ್ನು ಹಾವಿನ ದೋಣಿಯೆಂದು ಕರೆದರು. ಮಲಯಾಳದ ಹೆಸರು ಚುಂಡನ್ ವಳ್ಳ, ಎಂದರೆ ಕೊಕ್ಕಿನ ದೋಣಿ. ನಮ್ಮ ಪಶ್ಚಿಮ ಘಟ್ಟದವರು ಹೆಬ್ಬಲಸು ಎನ್ನುವ ಮರವೇ ಅಲ್ಲಿಯ ಆಂಜಿಲಿ. ಅದರ ಹಲಗೆಗಳಿಂದ ಕಟ್ಟಿದ ನೂರು ಅಡಿಗೂ ಮೀರಿದ ದೋಣಿಯಿದು. ಹಿಂತುದಿಯು ಹೆಡೆಯೆತ್ತಿದಂತೆ ನೀರಿನಿಂದ ಸುಮಾರು ಇಪ್ಪತ್ತಡಿ ಮೇಲೇಳುತ್ತದೆ. ಮೀನೆಣ್ಣೆ, ತೆಂಗಿನ ಚಿಪ್ಪಿನ ಇದ್ದಿಲು, ಮೊಟ್ಟೆ ಇವುಗಳನ್ನು ಕಲಸಿ ಮೈಗೆ ಬಳಿದು ಮರವನ್ನು ನುಣುಪಾಗಿಡುವುದು ಹಳೆಯ ಕ್ರಮ. ಹುಟ್ಟು ಹಾಕುವವರು ಇಬ್ಬಿಬ್ಬರಂತೆ ಸಾಲಾಗಿ ಮುಂದಕ್ಕೆ ಮುಖಮಾಡಿ ಕೂಡುತ್ತಾರೆ. ಹಿಂದೆ ನಿಂತ ನಾಲ್ಕೈದು ಮಂದಿ ಉದ್ದನೆಯ ಹುಟ್ಟುಗಳಿಂದ ದಿಕ್ಕನ್ನು ಹಿಡಿಯುತ್ತಾರೆ. ನಡುವಿನ ಹಲಗೆಯ ಮೇಲೆ ನಿಂತವರು ಹಾಡುತ್ತ, ದಪ್ಪ ಕೋಲಿನಿಂದ ಕುಟ್ಟುತ್ತ ತಾಳವನ್ನು ಕಾಯುತ್ತಾರೆ. ಹಿಂದೆ ಆ ನಡುಹಲಗೆಯ ಮೇಲೆ ಸಿಡಿಮದ್ದಿನ ಆಯುಧವಿರುತ್ತಿತ್ತೆಂದು ಹೇಳುತ್ತಾರೆ. ಏಕೆಂದರೆ ಇದು ಮೂಲತಃ ಯುದ್ಧದ ದೋಣಿ.

ಅದರ ಹುಟ್ಟಿನ ಬಗ್ಗೆ ಕುಟ್ಟನಾಡಿನಲ್ಲಿ ಒಂದು ಐತಿಹ್ಯವಿದೆ. ಅಂಬಲಪ್ಪುಳದಿಂದ ಆಳುತ್ತಿದ್ದ ಚೆಂಬಕಶ್ಶೇರಿಯ ಅರಸನಿಗೂ ಕಾಯಂಕುಳದ ಅರಸನಿಗೂ ಹಗೆ. ಚೆಂಬಕಶ್ಶೇರಿಯವನು ಕೊಡುಪುನ್ನೆಯ ಒಬ್ಬ ಆಚಾರಿಯಿಂದ ಈ ದೋಣಿಯನ್ನು ಮಾಡಿಸಿ ಗೆದ್ದನಂತೆ. ಗುಟ್ಟನ್ನು ತಿಳಿಯಲು ಕಾಯಂಕುಳದವನು ಒಬ್ಬ ತರುಣನನ್ನು ಕಳುಹಿಸಿದ. ಅವನು ಆಚಾರಿಯ ಮಗಳ ಮನಸ್ಸನ್ನು ಗೆದ್ದು, ಮನೆಯ ಅಳಿಯನಾಗುವವನೆಂಬ ವಿಶ್ವಾಸ ಗಳಿಸಿ, ವಿದ್ಯೆ ಕಲಿತು ಪರಾರಿಯಾದ. ಆದರೂ ಮುಂದಿನ ಯುದ್ಧದಲ್ಲಿ ಕಾಯಂಕುಳವೇ ಸೋತಿತು. ದೋಣಿಯ ಅಳತೆಗಳನ್ನು ಕದಿಯಬಹುದಿತ್ತು; ಕಟ್ಟುವ ಕೈಯನ್ನು ಕದಿಯುವಂತಿರಲಿಲ್ಲ. ಐತಿಹ್ಯದ ಮಾತು ಹಾಗಿರಲಿ. ೧೭೪೬ರ ಸುಮಾರಿಗೆ ತಿರುವಾಂಕೂರಿನ ಮಾರ್ತಾಂಡವರ್ಮನು ಈ ಎರಡೂ ಸಂಸ್ಥಾನಗಳನ್ನು ಗೆದ್ದುಕೊಂಡನೆಂಬುದು ಚರಿತ್ರೆ. ಅರಸುಗಳು ಅಳಿದರು, ದೋಣಿಗಳು ಉಳಿದವು. ಒಂದೊಂದು ‘ಕರೆ’ಯವರು, ಎಂದರೆ ಒಂದೊಂದು ಹಳ್ಳಿಯ ಜನ, ತಮ್ಮೊಳಗೆ ಹಣ ಕೂಡಿಸಿ ದೋಣಿಯನ್ನು ಕಟ್ಟಿಸಿ ಅದನ್ನು ಊರೊಟ್ಟಿನ ಸೊತ್ತಾಗಿ ಇಟ್ಟುಕೊಂಡರು. ಆಳುವವನ ಆಯುಧವಾಗಿದ್ದುದು ಹಳ್ಳಿಯ ಹಬ್ಬವಾಯಿತು.

ನನ್ನ ತಂದೆ, ನಾವು ಅಪ್ಪಯ್ಯನೆಂದು ಕರೆಯುತ್ತಿದ್ದವರು, ೧೯೩೭ರಲ್ಲಿ ಹದಿನೈದರ ಹುಡುಗನಾಗಿ ಕುಂದಾಪುರದ ಕಡೆಯಿಂದ ಅಲ್ಲಿಗೆ ಹೋದವರು. ಉಡುಪಿ ಕಡೆಯ ಒಬ್ಬರ ಹೋಟೆಲಿನಲ್ಲಿ ಎಲೆ ತೆಗೆಯುವ ಕೆಲಸದಿಂದ ಆರಂಭಿಸಿ ಲೆಕ್ಕ ಬರೆಯುವ ರೈಟರಾದರು. ಹಗ್ಗ, ಚಾಪೆಗಳ ಕಾರ್ಖಾನೆಗಳೂ ಕಾಲುವೆಗಳೂ ತುಂಬಿದ್ದ ಬಂದರು ಅದು. ಜನ ಒಳ್ಳೆಯವರು; ಅಪ್ಪಯ್ಯನ ಮಲಯಾಳವೂ ಸೊಗಸಾಗಿತ್ತು. ಆದರೆ ಮಳೆಗಾಲದಲ್ಲಿ ಕುಟ್ಟನಾಡಿನ ಗದ್ದೆಗಳು ನೀರಿನಲ್ಲಿ ಮುಳುಗಿ, ದುಡಿಯುವ ಕೈಗಳಿಗೆ ಬಿಡುವಾಗಿ, ಪಂದ್ಯದ ದಿನಗಳು ಬಂದಾಗ, ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಒಂದೇ: ನಿಮ್ಮದು ಯಾವ ಕರೆ? ಹುಟ್ಟಿದ ಹಳ್ಳಿಯಿಂದಲೇ ದೋಣಿ ಗೊತ್ತಾಗುವ ಆ ನಾಡಿನಲ್ಲಿ ಅಪ್ಪಯ್ಯನಿಗೆ ತನ್ನದೆನ್ನುವ ದೋಣಿಯಿರಲಿಲ್ಲ.

೧೯೫೨ರ ಡಿಸೆಂಬರ್ ೨೭ರಂದು ಪ್ರಧಾನಿ ಜವಾಹರಲಾಲ ನೆಹರೂ ಕೋಟ್ಟಯಂನಿಂದ ಜಲಮಾರ್ಗವಾಗಿ ಆಲಪ್ಪುಳಕ್ಕೆ ಬಂದರು. ಅವರ ಗೌರವಾರ್ಥವಾಗಿ ಚುಂಡನ್ ದೋಣಿಗಳ ಪಂದ್ಯ ನಡೆಯಿತು. ನಡುಭಾಗಂ ಎಂಬ ದೋಣಿ ಗೆದ್ದಿತು. ನೆಹರೂ ಅವರು ಕಾವಲಿನವರನ್ನು ಲೆಕ್ಕಿಸದೆ ಗೆದ್ದ ದೋಣಿಗೆ ಹಾರಿ, ಅದರಲ್ಲಿಯೇ ಆಲಪ್ಪುಳದ ದಕ್ಕೆಯ ತನಕ ಹೋದರು. ಆಗ ನನಗೆ ನಾಲ್ಕು ವರ್ಷ, ಕಂಡ ನೆನಪಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣಯ್ಯ ಅಪ್ಪಯ್ಯನ ಹೆಗಲ ಮೇಲೆ ಕುಳಿತು ದಕ್ಕೆಯ ಬಳಿ ಆ ಬಿಳಿಯ ಟೋಪಿಯನ್ನು ಕಂಡಿದ್ದಾನೆ. ಮರುದಿನ ಹೋಟೆಲಿನಲ್ಲಿ ನಡುಭಾಗದವರು ಕಾಫಿಯ ಲೋಟವನ್ನೂ ಹುಟ್ಟಿನಂತೆ ಎತ್ತುತ್ತಿದ್ದರೆಂದು ಅಪ್ಪಯ್ಯ ಹೇಳುತ್ತಿದ್ದರು.

ದೆಹಲಿಗೆ ಮರಳಿದ ನೆಹರೂ ತಮ್ಮ ಸಹಿಯುಳ್ಳ ಬೆಳ್ಳಿಯ ಪಾರಿತೋಷಕವೊಂದನ್ನು ಕಳುಹಿಸಿದರು. ಮರದ ಪೀಠದ ಮೇಲಿರುವ ಒಂದು ಪುಟ್ಟ ಚುಂಡನ್ ದೋಣಿ ಅದು. ಮೊದಲು ಪ್ರಧಾನ ಮಂತ್ರಿಯ ಟ್ರೋಫಿಯೆನಿಸಿ ಮುಂದೆ ನೆಹರೂ ಟ್ರೋಫಿಯಾಯಿತು. ಅದರ ಮೇಲಿನ ಬರಹ ಗೆದ್ದವರನ್ನು ಉದ್ದೇಶಿಸಿದ್ದಾದರೂ ಹೊಗಳುವುದು ಗೆಲುವನ್ನಲ್ಲ. ಈ ಪಂದ್ಯವು ತಿರುವಾಂಕೂರು-ಕೊಚ್ಚಿಯ ಸಮುದಾಯ ಜೀವನದ ವಿಶಿಷ್ಟ ಲಕ್ಷಣವೆಂದು ಅದು ಹೇಳುತ್ತದೆ. ಹಾಗೆ ಬರೆದ ನಾಲ್ಕು ವರ್ಷಗಳೊಳಗೆ, ೧೯೫೬ರ ನವೆಂಬರ್ ೧ರಂದು, ತಿರುವಾಂಕೂರು-ಕೊಚ್ಚಿ ರಾಜ್ಯವೇ ಇಲ್ಲವಾಗಿ ಕೇರಳವಾಯಿತು. ಅದೇ ದಿನ ನಮ್ಮ ಕುಂದಾಪುರ ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. ಕುಳಿತ ಕುರ್ಚಿಯಿಂದ ಏಳದೆಯೇ ಎರಡು ರಾಜ್ಯ ಬದಲಾಯಿಸಿದೆನೆಂದು ಅಪ್ಪಯ್ಯ ನಗುತ್ತಿದ್ದರು. ಆ ನಗೆಯ ಹಿಂದೆ ಇನ್ನೇನೋ ಇತ್ತೆಂದು ಈಗ ನನಗೆ ತೋರುತ್ತದೆ.

ನನ್ನ ಸ್ವಂತ ನೆನಪುಗಳು ಆಮೇಲಿನವು. ಆಗಸ್ಟ್ ತಿಂಗಳ ಎರಡನೆಯ ಶನಿವಾರ ಬೆಳಗಿನ ಕೆಲಸ ಮುಗಿಸಿ ಅಪ್ಪಯ್ಯ ನಮ್ಮಿಬ್ಬರನ್ನೂ ಕರೆದೊಯ್ಯುತ್ತಿದ್ದರು. ದಡದ ತೆಂಗಿನ ಮರಗಳ ಮೇಲೂ ಜನ. ಪಂದ್ಯ ಮುಗಿಯುವುದು ಕೆಲವೇ ನಿಮಿಷಗಳಲ್ಲಿ. ಗೆದ್ದ ದೋಣಿ ಗೆರೆ ದಾಟಿದೊಡನೆ ಜನ ಅದರ ಹಿಂದೆ ಓಡುತ್ತಿದ್ದರು. ಅಪ್ಪಯ್ಯ ಮಾತ್ರ ಕದಲುತ್ತಿರಲಿಲ್ಲ. ಒಮ್ಮೆ ನಾನು ಅವರ ಕೈ ಹಿಡಿದೆಳೆದಾಗ ಹೇಳಿದ್ದರು: “ಗೆದ್ದದ್ದು ನಾಳೆ ಪೇಪರಿನಲ್ಲಿ ಬರ್ತದೆ ಮಾಣಿ. ಕಡೆಗೆ ಬಂದದ್ದನ್ನು ನಾವೇ ನೋಡ್ಬೇಕು.” ನೋಡಬೇಕಾದುದು ಏನೆಂಬುದನ್ನೂ ಕಲಿಸಿದರು. ಸೋಲು ಖಚಿತವಾದ ದೋಣಿಯಲ್ಲಿ ಕೋಲಿನ ತಾಳ ಇನ್ನೂ ನಡೆದಿದೆಯೇ, ಹುಟ್ಟುಗಳು ಒಟ್ಟಿಗೆ ಏಳುತ್ತಿವೆಯೇ ಎಂದು. ತಾಳ ಕೆಟ್ಟರೆ ಸೋಲು ಎರಡಾಗುತ್ತದೆಂಬುದು ಅವರ ಮಾತು. ಕೊನೆಯ ದೋಣಿ ತಾಳ ತಪ್ಪದೆ ಬಂದ ದಿನ ನಮಗೆ ದಾರಿಯಲ್ಲಿ ಹುರಿಗಡಲೆ ಸಿಕ್ಕುತ್ತಿತ್ತು.

ಏಕೆ ಹಾಗೆ ನಿಲ್ಲುತ್ತಿದ್ದರೆಂಬ ವಿಷಯದಲ್ಲಿ ಅಣ್ಣಯ್ಯನಿಗೂ ನನಗೂ ಇಂದಿಗೂ ಒಮ್ಮತವಿಲ್ಲ. ಕರೆಯಿಲ್ಲದವನಿಗೆ ಯಾರೂ ಕಾಯದ ದೋಣಿಯೇ ತನ್ನ ದೋಣಿ ಎಂಬುದು ಅಣ್ಣಯ್ಯನ ತರ್ಕ. ನನಗೆ ನೆನಪಾಗುವುದು ಊರಿನ ಕಡವಿನ ಸಂಗತಿ. ಪಂಚಗಂಗಾವಳಿಯ ದಡದ ನಮ್ಮ ಅಜ್ಜಿ, ಸಂಜೆಯ ಕೊನೆಯ ದೋಣಿ ದಡ ಮುಟ್ಟುವ ತನಕ ಜಗಲಿಯ ದೀಪವನ್ನು ಸಣ್ಣದು ಮಾಡಲು ಬಿಡುತ್ತಿರಲಿಲ್ಲವಂತೆ. ಅಪ್ಪಯ್ಯ ಅಲ್ಲಿಯ ನೀರಿಗೆ ಇಲ್ಲಿಯ ಕ್ರಮವನ್ನು ಕೊಂಡೊಯ್ದರೆಂದು ನನ್ನ ಎಣಿಕೆ. ಕೇಳಿದ್ದರೆ ಅವರು ಎರಡನ್ನೂ ಒಪ್ಪುತ್ತಿರಲಿಲ್ಲವೇನೋ.

೧೯೬೯ರಲ್ಲಿ ಹೋಟೆಲು ಮುಚ್ಚಿ ನಾವು ಕುಂದಾಪುರಕ್ಕೆ ಮರಳಿದೆವು. ಆಕಾಶವಾಣಿಯು ಪಂದ್ಯದ ಪ್ರತ್ಯಕ್ಷ ವಿವರಣೆಯನ್ನು ಮಲಯಾಳದಲ್ಲಿ ಬಿತ್ತರಿಸುತ್ತಿತ್ತು. ಪ್ರತಿ ವರ್ಷ ಆ ಶನಿವಾರ ಮಧ್ಯಾಹ್ನ ಅಪ್ಪಯ್ಯ ರೇಡಿಯೋದ ಮುಂದೆ ಕುಳಿತು ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ ಆ ದೂರದ ಧ್ವನಿಯನ್ನು ಹುಡುಕುತ್ತಿದ್ದರು. ಕರಕರ ಸದ್ದಿನ ನಡುವೆ ಮಾತು ತುಂಡುತುಂಡಾಗಿ ಬರುತ್ತಿತ್ತು. ಅವರು ಅದನ್ನು ಕನ್ನಡಕ್ಕೆ ತಿರುಗಿಸಿ ಅಮ್ಮನಿಗೂ ನೆರೆಯವರಿಗೂ ಹೇಳುತ್ತಿದ್ದರು. ಆಲಪ್ಪುಳದಲ್ಲಿ ಪರಸ್ಥಳದವರಾಗಿದ್ದವರು ಈಗ ಸ್ವಂತ ಜಗಲಿಯಲ್ಲಿ ಆಲಪ್ಪುಳದವರಾಗಿದ್ದರು. ಗೆದ್ದ ದೋಣಿಯ ಹೆಸರು ಬಂದೊಡನೆ ವಿವರಣೆಕಾರರ ಉತ್ಸಾಹ ಅದರ ಹಿಂದೆಯೇ ಹೋಗುತ್ತಿತ್ತು. ಕೊನೆಗೆ ಬಂದ ದೋಣಿಯ ಸುದ್ದಿ ಸಿಗುತ್ತಿರಲಿಲ್ಲ. ಅಪ್ಪಯ್ಯ ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು, ಆಮೇಲೆ ರೇಡಿಯೋ ನಿಲ್ಲಿಸುತ್ತಿದ್ದರು. ೧೯೮೬ರಲ್ಲಿ ಅವರು ತೀರಿಕೊಂಡರು.

ಪಂದ್ಯ ಈಗಲೂ ನಡೆಯುತ್ತಿದೆ. ೨೦೧೮ರ ಮಹಾಪೂರದ ವರ್ಷ ಆಗಸ್ಟಿನಲ್ಲಿ ನಿಂತು ನವೆಂಬರಿನಲ್ಲಿ ನಡೆಯಿತು. ೨೦೨೦ ಮತ್ತು ೨೦೨೧ರಲ್ಲಿ ಸಾಂಕ್ರಾಮಿಕದಿಂದಾಗಿ ನಡೆಯಲೇ ಇಲ್ಲ. ಊರಿನ ಹೆಸರಿನ ದೋಣಿಯನ್ನು ಬೇರೆ ಊರಿನ ದೋಣಿ ಕ್ಲಬ್ಬಿನವರು ನಡೆಸುವುದು ಸಾಮಾನ್ಯವಾಗಿದೆ. ಕರೆಯೆಂಬ ಮಾತಿನ ಅರ್ಥ ಅಷ್ಟರಮಟ್ಟಿಗೆ ಸಡಿಲವಾಗಿದೆ. ಅಪ್ಪಯ್ಯನಂಥವರಿಗೆ ಅದು ಅನುಕೂಲವೇ ಆಗುತ್ತಿತ್ತೇನೋ. ೨೦೧೯ರಲ್ಲಿ, ಅರುವತ್ತೇಳು ವರ್ಷಗಳ ಬಳಿಕ, ನಡುಭಾಗಂ ಮತ್ತೆ ಗೆದ್ದಿತು. ಹುಟ್ಟು ಹಾಕಿದವರು ಪಳ್ಳಾತುರುತ್ತಿಯ ಕ್ಲಬ್ಬಿನವರು. ಹೆಸರು ಹಳೆಯದು, ಕೈಗಳು ಬೇರೆ.

ಸುದ್ದಿ ಓದಿ ನಾನು ಅಣ್ಣಯ್ಯನಿಗೆ ದೂರವಾಣಿಯಲ್ಲಿ ತಿಳಿಸಿದೆ. ಅವನಿಗೆ ಆಗ ಎಪ್ಪತ್ತೈದು. ಸಂತೋಷಪಟ್ಟ. ದಕ್ಕೆಯ ಬಳಿ ಕಂಡ ಬಿಳಿಯ ಟೋಪಿಯನ್ನು ಮತ್ತೊಮ್ಮೆ ವರ್ಣಿಸಿದ. ಆಮೇಲೆ ಸ್ವಲ್ಪ ತಡೆದು ಕೇಳಿದ: “ಅದಿರಲಿ, ಕಡೆಗೆ ಬಂದ ದೋಣಿ ಯಾವುದು?” ಪತ್ರಿಕೆಯಲ್ಲಿ ಅದನ್ನು ಬರೆದಿರಲಿಲ್ಲ.