ನಾಲ್ಕು ಹೊಲ, ಒಂದು ಸರಾಸರಿ

ನಮ್ಮ ಕೊಪ್ಪಳ ಜಿಲ್ಲೆಯ ಬೆಳೆ ವಿಮೆಗೂ ಡಬ್ಲಿನ್ನಿನ ಬಿಯರ್ ಕಾರ್ಖಾನೆಗೂ ಏನು ಸಂಬಂಧ ಅಂತೀರಾ? ಇದೆ.. :)

1899ರಲ್ಲಿ ಗಿನ್ನೆಸ್ ಸೇರಿದ ವಿಲಿಯಂ ಗೋಸೆಟ್‌ಗೆ ಬಾರ್ಲಿ ಪ್ರಯೋಗಗಳಲ್ಲಿ ಸಿಗುತ್ತಿದ್ದದ್ದು ಕೆಲವೇ ಅಳತೆ. ಸರಾಸರಿ ತೆಗೆಯೋದು ಸುಲಭ. ಆದರೆ ಇಡೀ ಬೆಳೆಯ ಏರುಪೇರು ಎಷ್ಟು ಅಂತಲೇ ಗೊತ್ತಿಲ್ಲದಾಗ ಅದನ್ನು ಎಷ್ಟು ನಂಬೋದು? 1908ರಲ್ಲಿ 'ಸ್ಟೂಡೆಂಟ್' ಅನ್ನೋ ಗುಪ್ತನಾಮದಲ್ಲಿ ಉತ್ತರ ಬರೆದ. ಏರುಪೇರನ್ನೂ ಅದೇ ಅಳತೆಗಳಿಂದ ಊಹಿಸಬೇಕಾದ್ದರಿಂದ ಅನುಮಾನದ ಅಂತರ ಹಿಗ್ಗುತ್ತೆ. ಶೇ. 95 ಭರವಸೆಗೆ 1.96ರಿಂದ ಗುಣಿಸುವ ಕಡೆ, ನಾಲ್ಕೇ ಅಳತೆ ಇದ್ದರೆ 3.18ರಿಂದ ಗುಣಿಸಬೇಕು.

ಈಗ ನಮ್ಮ ಕಡೆ ಬನ್ನಿ. 2016ರ ಫಸಲ್ ಬಿಮಾ ಯೋಜನೆ ಒಂದು ಗ್ರಾಮ ಪಂಚಾಯ್ತಿಯ ಮುಖ್ಯ ಬೆಳೆಗೆ ನಿಗದಿ ಮಾಡಿದ್ದು ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗ! ಅವುಗಳ ಸರಾಸರಿ ನಿಗದಿತ ಇಳುವರಿಗಿಂತ ಇಳಿದರೆ ಪರಿಹಾರ. ಗಂಗಾವತಿಯ ಭತ್ತಕ್ಕೆ ತುಂಗಭದ್ರೆಯ ಕಾಲುವೆ ಇದೆ. ಯಲಬುರ್ಗಾ, ಕುಷ್ಟಗಿಯ ಒಣಬೇಸಾಯದಲ್ಲಿ ಒಂದು ಹೊಲಕ್ಕೆ ಬಿದ್ದ ಮಳೆ ಪಕ್ಕದ ಹೊಲಕ್ಕೆ ಬೀಳಲ್ಲ.

ಉದಾಹರಣೆಗೆ, ನಾಲ್ಕು ಹೊಲದಲ್ಲಿ ಎಕರೆಗೆ 2, 4, 6, 8 ಕ್ವಿಂಟಲ್ ಬಂತು ಅನ್ನಿ. ಸರಾಸರಿ 5. ಗೋಸೆಟ್ ಲೆಕ್ಕದಲ್ಲಿ ಪಂಚಾಯ್ತಿಯ ನಿಜವಾದ ಸರಾಸರಿ 0.9ರಿಂದ 9.1ರ ನಡುವೆ ಎಲ್ಲಾದರೂ ಇರಬಹುದು! ವಿಮೆಯ ಲೆಕ್ಕಕ್ಕೆ ಹೋಗೋದು ಮಾತ್ರ ಆ 5.

ನೂರು ವರ್ಷದ ಹಿಂದೆಯೇ ಬಿಯರ್ ಮಾಡೋರಿಗೆ ಗೊತ್ತಿದ್ದ ಅನುಮಾನ, 2 ಕ್ವಿಂಟಲ್ ಬೆಳೆದ ನಮ್ಮ ರೈತನ ಪಾಲಿಗೆ ಯಾಕಿಲ್ಲ? ನೀವೇ ಹೇಳಿ..