ಜೀವವಿಕಾಸ ಎಂದರೇನು? ನಮ್ಮ ಗಡಿಭಾಗದಲ್ಲೇ ಇರುವ ಪುರಾವೆಗಳು

ಮರಾಠಿ ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ 'ಉತ್ಕ್ರಾಂತಿ' ಎನ್ನುತ್ತಾರೆ. ಕನ್ನಡದಲ್ಲಿ ಜೀವವಿಕಾಸ. ಮರಾಠಿಯಲ್ಲಿ 'ವಿಕಾಸ' ಎಂದರೆ ಅಭಿವೃದ್ಧಿ. ಆದ್ದರಿಂದ ಉಮರ್ಗಾ, ನಿಲಂಗಾ, ಉದಗೀರ ಭಾಗದ ಎರಡೂ ಭಾಷೆ ಬಲ್ಲವರಿಗೆ ಗೊಂದಲವಾಗುವುದು ಸಹಜ. ಜೀವವಿಕಾಸ ಎಂದರೆ ಅಭಿವೃದ್ಧಿಯಲ್ಲ, ಯಾವುದೋ ಗುರಿಯತ್ತ ಮೇಲೇರುವುದೂ ಅಲ್ಲ. ಒಂದು ಜಾತಿಯ ಜೀವಿಗಳಲ್ಲಿ ಹುಟ್ಟಿನಿಂದ ಬರುವ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಹೋಗುವುದೇ ಜೀವವಿಕಾಸ.

ಇದು ನಡೆಯುವ ಬಗೆ

ಒಂದೇ ಹಸುವಿನ ಕರುಗಳು ಒಂದೇ ತರ ಇರುವುದಿಲ್ಲ. ಆ ವ್ಯತ್ಯಾಸಗಳಲ್ಲಿ ಕೆಲವು ಮುಂದಿನ ಪೀಳಿಗೆಗೆ ಇಳಿಯುತ್ತವೆ. ಬದುಕಿ ಉಳಿದು ಹೆಚ್ಚು ಮರಿ ಹಾಕಲು ನೆರವಾಗುವ ಗುಣ ಕಾಲಕ್ರಮದಲ್ಲಿ ಹೆಚ್ಚುತ್ತದೆ. ಇದಕ್ಕೆ ನಿಸರ್ಗದ ಆಯ್ಕೆ ಎಂದು ಹೆಸರು. ಚಾರ್ಲ್ಸ್ ಡಾರ್ವಿನ್ ಮತ್ತು ಆಲ್‌ಫ್ರೆಡ್ ವಾಲೇಸ್ ಇದನ್ನು 1858ರಲ್ಲಿ ಮಂಡಿಸಿದರು. ಡಾರ್ವಿನ್ನನ ಪುಸ್ತಕ 1859ರಲ್ಲಿ ಬಂತು.

ದೇವಣಿ ಎತ್ತು

ಡಾರ್ವಿನ್ ಆ ಪುಸ್ತಕವನ್ನು ಸಾಕುಪ್ರಾಣಿಗಳಿಂದಲೇ ಆರಂಭಿಸಿದ. ನಮ್ಮಲ್ಲಿ ಅದಕ್ಕೆ ಉದಾಹರಣೆ ಲಾತೂರ ಜಿಲ್ಲೆಯ ದೇವಣಿ ತಳಿ. ಗೀರ, ಡಾಂಗಿ ಮತ್ತು ಸ್ಥಳೀಯ ದನಗಳಿಂದ ರೈತರು ಒಳ್ಳೆಯದನ್ನೇ ಆರಿಸಿ ಬೆಳೆಸಿದ್ದು ಇದು. ವಾನೇರಾ, ಬಾಲಂಕ್ಯಾ, ಶೇವರಾ ಎಂಬ ಬಗೆಗಳನ್ನು ಬಣ್ಣ ನೋಡಿ ಗುರುತಿಸುತ್ತೇವೆ. ಇಲ್ಲಿ ಆರಿಸಿದವನು ಮನುಷ್ಯ.

ಬೋಂಡಅಳಿ

ಬಿಟಿ ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಗುಲಾಬಿ ಬೋಂಡಅಳಿ ಇದಕ್ಕೆ ಬಗ್ಗುತ್ತಿಲ್ಲ ಎಂದು 2010ರಲ್ಲಿ ಗುಜರಾತಿನಿಂದ ವರದಿಯಾಯಿತು. ಆಮೇಲೆ ಎರಡು ಜೀನ್‌ಗಳ ಬಿಟಿ ಹತ್ತಿಗೂ ಅದು ಜಗ್ಗಲಿಲ್ಲ. 2017ರಲ್ಲಿ ಮಹಾರಾಷ್ಟ್ರದ ಹತ್ತಿ ಬೆಳೆಗಾರರು ಭಾರಿ ನಷ್ಟ ಅನುಭವಿಸಿದರು. ಹುಳು 'ಕಲಿತದ್ದಲ್ಲ'. ವಿಷ ತಡೆಯಬಲ್ಲ ಕೆಲವೇ ಹುಳುಗಳು ಉಳಿದವು, ಅವುಗಳ ಸಂತಾನವೇ ಹೊಲ ತುಂಬಿತು. ಬಿಟಿ ಹತ್ತಿಯ ಜೊತೆ ಬಿಟಿ ಇಲ್ಲದ ಗಿಡಗಳೂ ಇರಬೇಕು ಎನ್ನುವುದು ಇದೇ ಕಾರಣಕ್ಕೆ. ಅಲ್ಲಿ ಉಳಿಯುವ ಸಾಧಾರಣ ಹುಳುಗಳು ವಿಷ ತಡೆಯುವವುಗಳೊಡನೆ ಕೂಡಿದರೆ ಆ ಗುಣ ಬೇಗ ಹರಡುವುದಿಲ್ಲ. ತೊಗರಿ, ಕಡಲೆಯ ಕಾಯಿಕೊರಕಕ್ಕೆ ಪ್ರತಿ ಸಲ ಒಂದೇ ಬಗೆಯ ಔಷಧಿ ಹೊಡೆಯಬಾರದು ಎಂಬ ಸಲಹೆಯ ಹಿಂದೆಯೂ ಇದೇ ಲೆಕ್ಕವಿದೆ.

ಪಳೆಯುಳಿಕೆ

ಮಾಂಜರಾ ನದಿ ಕಣಿವೆಯಲ್ಲಿ, ಲಾತೂರ ಜಿಲ್ಲೆಯ ಹಾರವಾಡಿ ಮುಂತಾದ ಕಡೆ, ಈಗ ಅಳಿದುಹೋದ ಆನೆ, ಕಾಡುದನಗಳ ಮೂಳೆ ಸಿಕ್ಕಿವೆ. ಇಂದಿನವುಗಳನ್ನು ಹೋಲುತ್ತವೆ, ಆದರೆ ಅವೇ ಅಲ್ಲ. ಕಛ್‌ನಲ್ಲಿ 4 ಕೋಟಿ ವರ್ಷಕ್ಕೂ ಹಿಂದಿನ, ಕಾಲುಗಳಿದ್ದ ತಿಮಿಂಗಿಲಗಳ ಪಳೆಯುಳಿಕೆ ದೊರೆತಿವೆ. ನೆಲದ ಪ್ರಾಣಿಯಿಂದ ತಿಮಿಂಗಿಲ ಬಂದ ದಾರಿಯನ್ನು ಅವು ತೋರಿಸುತ್ತವೆ.

ಮೂಳೆ ಮತ್ತು ಡಿಎನ್‌ಎ

ನಮ್ಮ ತೋಳು, ಎತ್ತಿನ ಮುಂಗಾಲು, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ - ಕೆಲಸ ಬೇರೆ, ಒಳಗಿನ ಮೂಳೆಗಳ ಜೋಡಣೆ ಒಂದೇ. ಮೂಲ ಒಂದಾಗಿದ್ದರಿಂದ ಹೀಗೆ. ಡಿಎನ್‌ಎ ಪರೀಕ್ಷೆಯೂ ಇದನ್ನೇ ಹೇಳುತ್ತದೆ.

ಮಂಗನಿಂದ ಮಾನವನೇ?

ಇಂದಿನ ಮಂಗಗಳಿಂದ ನಾವು ಹುಟ್ಟಿಲ್ಲ. ನಮಗೂ ಚಿಂಪಾಂಜಿಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜರಿದ್ದರು. ಅಲ್ಲಿಂದ ಕವಲುಗಳು ಬೇರೆಯಾದವು. ಅಣ್ಣತಮ್ಮಂದಿರ ಮಕ್ಕಳಿಗೆ ಅಜ್ಜ ಒಬ್ಬನೇ, ಆದರೆ ಒಬ್ಬರು ಇನ್ನೊಬ್ಬರಿಂದ ಹುಟ್ಟಿದವರಲ್ಲ. ಮಕ್ಕಳು ಕೇಳಿದರೆ ಇಷ್ಟು ಹೇಳಿದರೆ ಸಾಕು.