ಟಿಕೆಟ್ ಕೌಂಟರಿನಲ್ಲೊಂದು ಗಡಿ

ಪರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕೆಂಬುದು ಇಂದು ಮಕ್ಕಳಿಗೂ ಗೊತ್ತು. ಆದರೆ ಮೊದಲ ಮಹಾಯುದ್ಧಕ್ಕೆ ಮುಂಚೆ ಅನೇಕ ದೇಶಗಳಿಗೆ ಅದಿಲ್ಲದೆಯೇ ಹೋಗಬಹುದಿತ್ತು. ಹಾಗಾದರೆ ಬೇಡವಾದವರನ್ನು ಆಗ ತಡೆಯುತ್ತಿದ್ದುದು ಹೇಗೆ? ಕೆನಡಾ ಭಾರತೀಯರನ್ನು ತಡೆದ ರೀತಿ ಇದಕ್ಕೆ ಒಳ್ಳೆಯ ಉದಾಹರಣೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಜಾಬಿನ ರೈತರು, ನಿವೃತ್ತ ಸೈನಿಕರು ಕೆನಡಾದ ಪಶ್ಚಿಮ ತೀರಕ್ಕೆ ಹೋಗಿ ಮರ ಕೊಯ್ಯುವ ಕಾರ್ಖಾನೆಗಳಲ್ಲಿ ದುಡಿಯತೊಡಗಿದರು. ಏಷ್ಯಾದವರು ಕಡಿಮೆ ಕೂಲಿಗೆ ದುಡಿದು ತಮ್ಮ ಅನ್ನ ಕಸಿಯುತ್ತಾರೆಂದು ಬಿಳಿಯ ಕಾರ್ಮಿಕರು ಕೂಗೆಬ್ಬಿಸಿದರು. 1907ರಲ್ಲಿ ವ್ಯಾಂಕೂವರ್‌ನಲ್ಲಿ ಗಲಭೆಯೇ ನಡೆಯಿತು. ಚೀನೀಯರ ಮೇಲೆ ಕೆನಡಾ 1885ರಲ್ಲೇ 50 ಡಾಲರ್ ತಲೆಗಂದಾಯ ಹೇರಿತ್ತು. 1903ರಲ್ಲಿ ಅದು 500 ಡಾಲರ್ ಆಯಿತು. ಭಾರತೀಯರ ವಿಷಯದಲ್ಲಿ ಮಾತ್ರ ತೊಡಕಿತ್ತು. ಅವರು ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳು. ಹೆಸರು ಹಿಡಿದು ತಡೆದರೆ ಭಾರತದಲ್ಲಿ ಅಸಮಾಧಾನ ಹೊಗೆಯಾಡೀತೆಂಬ ಅಳುಕು ಆಳುವವರಿಗಿತ್ತು.

ಈ ತೊಡಕಿಗೆ ಪರಿಹಾರವಾಗಿ 1908ರಲ್ಲಿ ಹೊಸ ಆಜ್ಞೆ ಬಂತು. ತಾಯ್ನಾಡಿನಲ್ಲೇ ಟಿಕೆಟ್ ಕೊಂಡು, ನಡುವೆ ಪ್ರಯಾಣ ಮುರಿಯದೆ ಬಂದವರಿಗೆ ಮಾತ್ರ ಪ್ರವೇಶ. ಆಜ್ಞೆಯಲ್ಲಿ ಭಾರತದ ಹೆಸರೇ ಇರಲಿಲ್ಲ. ಆದರೆ ಭಾರತದಿಂದ ಅಂಥ ನೇರ ಟಿಕೆಟ್ ಮಾರದಂತೆ ಹಡಗು ಕಂಪೆನಿಯ ಮೇಲೆ ಕೆನಡಾ ಸರ್ಕಾರ ಒತ್ತಡ ಹಾಕಿತು. ಕೈಯಲ್ಲಿ 200 ಡಾಲರ್ ಇರಬೇಕೆಂಬ ನಿಯಮವೂ ಸೇರಿತು.

ಇದನ್ನು ಪ್ರಶ್ನಿಸಲು ಹೊರಟವರು ಸಿಂಗಪುರದಲ್ಲಿ ಗುತ್ತಿಗೆದಾರರಾಗಿದ್ದ ಗುರುದಿತ್ ಸಿಂಗ್. ‘ಕೊಮಗಾಟ ಮಾರು’ ಎಂಬ ಜಪಾನಿ ಹಡಗನ್ನು ಅವರು ಬಾಡಿಗೆಗೆ ಹಿಡಿದರು. ಹಾಂಗ್‌ಕಾಂಗ್‌ನಿಂದ ಹೊರಟ ಹಡಗು 376 ಪ್ರಯಾಣಿಕರೊಡನೆ 1914ರ ಮೇ 23ರಂದು ವ್ಯಾಂಕೂವರ್ ತಲುಪಿತು. ಅವರಲ್ಲಿ ಸಿಖ್ಖರೇ ಹೆಚ್ಚು. ಮುಸ್ಲಿಮರೂ ಹಿಂದೂಗಳೂ ಇದ್ದರು. ಹಿಂದೆ ಅಲ್ಲಿ ನೆಲೆಸಿದ್ದ ಕೆಲವರ ಹೊರತು ಉಳಿದವರಿಗೆ ಇಳಿಯಲು ಅಪ್ಪಣೆ ಸಿಗಲಿಲ್ಲ. ದಡ ಕಣ್ಣೆದುರೇ ಇದ್ದರೂ ಎರಡು ತಿಂಗಳು ಹಡಗಿನಲ್ಲೇ ಅನ್ನ ನೀರಿಗೆ ಪರದಾಡಿದರು. ನ್ಯಾಯಾಲಯವೂ ಕೈಬಿಟ್ಟಿತು. ಹಡಗೇರಲು ಬಂದ ಪೊಲೀಸರನ್ನು ಅವರು ಕಲ್ಲಿದ್ದಲು ತೂರಿ ಹಿಮ್ಮೆಟ್ಟಿಸಿದರು. ಕೊನೆಗೆ ಯುದ್ಧನೌಕೆಯನ್ನೇ ತರಿಸಿ ಜುಲೈ 23ರಂದು ಹಡಗನ್ನು ಹಿಂದಕ್ಕಟ್ಟಲಾಯಿತು.

ದುರಂತ ಅಲ್ಲಿಗೆ ಮುಗಿಯಲಿಲ್ಲ. ಅಷ್ಟರಲ್ಲಿ ಯುದ್ಧ ಆರಂಭವಾಗಿತ್ತು. ಹೊರಗಿನಿಂದ ಬಂದವರ ಓಡಾಟ ನಿರ್ಬಂಧಿಸುವ ಸುಗ್ರೀವಾಜ್ಞೆಯನ್ನು ಭಾರತ ಸರ್ಕಾರ ಹೊರಡಿಸಿತ್ತು. ಸೆಪ್ಟೆಂಬರ್ 29ರಂದು ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಇಳಿದವರನ್ನು ಬಲವಂತದಿಂದ ಪಂಜಾಬಿನ ರೈಲು ಹತ್ತಿಸಲು ಯತ್ನಿಸಿದಾಗ ಘರ್ಷಣೆಯಾಗಿ, ಗೋಲಿಬಾರಿನಲ್ಲಿ ಸುಮಾರು 20 ಪ್ರಯಾಣಿಕರು ಸತ್ತರು. ಪರನಾಡು ಒಳಗೆ ಬಿಡದವರಿಗೆ ಸ್ವಂತ ನಾಡಿನ ಬಾಗಿಲಲ್ಲೂ ಪೊಲೀಸರೇ ಎದುರಾದರು.

ಯುದ್ಧಕಾಲದಲ್ಲಿ ಪಾಸ್‌ಪೋರ್ಟ್ ಕಡ್ಡಾಯವಾಯಿತು. 1920ರಲ್ಲಿ ಭಾರತ ಪ್ರವೇಶಕ್ಕೂ ಪಾಸ್‌ಪೋರ್ಟ್ ಕಾಯ್ದೆ ಬಂತು; ಅದು ರದ್ದಾಗಿ ಹೊಸ ಕಾನೂನು ಬಂದದ್ದು 2025ರಲ್ಲಿ. ಕೆನಡಾ ನೇರ ಪ್ರಯಾಣದ ನಿಯಮವನ್ನು 1947ರಲ್ಲಿ ಕೈಬಿಟ್ಟಿತು. ಕೊಮಗಾಟ ಮಾರು ಪ್ರಕರಣಕ್ಕಾಗಿ ಪ್ರಧಾನಿ ಜಸ್ಟಿನ್ ಟ್ರುಡೊ 2016ರಲ್ಲಿ ಸಂಸತ್ತಿನಲ್ಲಿ ಕ್ಷಮೆ ಕೋರಿದರು.

ನಿಯಮ ಹೋದರೂ ಅದು ಕಲಿಸಿದ ಉಪಾಯ ಉಳಿದಿದೆ. ಸರಿಯಾದ ಕಾಗದಪತ್ರವಿಲ್ಲದವರನ್ನು ಕರೆತರುವ ವಿಮಾನ ಕಂಪೆನಿಗೆ ಹಲವು ದೇಶಗಳು ದಂಡ ಹಾಕುತ್ತವೆ. ಅದರಿಂದಾಗಿ ವೀಸಾ ತಪಾಸಣೆ ಊರಿನ ವಿಮಾನ ನಿಲ್ದಾಣದ ಕೌಂಟರಿನಲ್ಲೇ ನಡೆಯುತ್ತದೆ. ಆಶ್ರಯ ಬೇಡಿ ಹೊರಟವರಿಗೂ ಅಲ್ಲೇ ದಾರಿ ಮುಚ್ಚುತ್ತದೆ. ಅವರ ಅಹವಾಲು ಗಡಿಯನ್ನು ತಲುಪುವುದೇ ಇಲ್ಲ.